ಬಿಲದ ಬಾಯಿಗೆ ಅಡ್ಡ ಕೂತ ಸಂಜೆ

ಸೂರ್ಯ ಮುಳುಗುವುದಕ್ಕೆ ಮುಂಚಿನ ಅರ್ಧ ಗಂಟೆಗೆ ನಮ್ಮ ಫೋಟೋ ಮಂದಿ ‘ಬಂಗಾರದ ಹೊತ್ತು’ ಎಂದು ಹೆಸರಿಟ್ಟಿದ್ದಾರೆ. ಎಮ್ಮೆ ಹೊಡೆದುಕೊಂಡು ಮನೆಗೆ ಹೋಗುವವರಿಗೆ ಅದು ಬರೀ ಸಂಜೆ. ಕ್ಯಾಮೆರಾ ಕೊರಳಿಗೆ ಬಿದ್ದೊಡನೆ ಬಂಗಾರವಾಗುತ್ತದೆ. ಬಂಗಾರವೆಂದ ಮೇಲೆ ಅದರ ಹಿಂದೆ ಕಳ್ಳರೂ ಬರುತ್ತಾರೆಂಬ ಸರಳ ಸತ್ಯ ನನ್ನಂಥ ದಡ್ಡಿಗೆ ತಡವಾಗಿ ಹೊಳೆಯಿತು. ಓದುಗ ಮಹಾಶಯರೇ, ನಾನು ಸಿಟ್ಟಿನಲ್ಲಿದ್ದೇನೆ. ಹಗುರಾಗಿ ಬರೆಯೋಣವೆಂದು ಕೂತರೂ ಹಲ್ಲು ಕಡಿಯುತ್ತಿದ್ದೇನೆ. ಹಲ್ಲು ಕಡಿಯುವುದು ಕೆಟ್ಟ ಚಾಳಿಯೆಂದು ಊರಿಗೆಲ್ಲ ಉಪದೇಶ ಮಾಡುವವಳೂ ನಾನೇ. ಶಿರಾಳಕೊಪ್ಪದಲ್ಲಿ ಇಪ್ಪತ್ತು ವರ್ಷದಿಂದ ಹಲ್ಲಿನ ಡಾಕ್ಟರು.

ಹಾಲಮ್ಮ ನನ್ನಲ್ಲಿಗೆ ಬಂದದ್ದು ದವಡೆ ಹಲ್ಲು ಕೀಳಿಸಿಕೊಳ್ಳಲು. ಆನವಟ್ಟಿ ಕಡೆಯ ಒಂದು ಹಳ್ಳಿಯವರು, ಅರವತ್ತರ ಆಸುಪಾಸು, ಮೂರೆಕರೆ ಮೆಕ್ಕೆಜೋಳದ ಹೊಲವನ್ನು ತಾವೇ ನಿಂತು ಮಾಡಿಸುವ ಗಟ್ಟಿ ಹೆಂಗಸು. ಹಳ್ಳಿಯ ಹೆಸರು ಹೇಳುವುದಿಲ್ಲ. ಒಮ್ಮೆ ಹೇಳಿ ಕೆಟ್ಟಿದ್ದೇನೆ. ನಾನು ತೆಗೆದು ಗೋಡೆಗೆ ಹಾಕಿದ್ದ ಕೊಕ್ಕರೆ, ಮಿಂಚುಳ್ಳಿಗಳ ಚಿತ್ರಗಳನ್ನು ಬಹಳ ಹೊತ್ತು ನೋಡಿ, ಮರಗಟ್ಟಿದ ನಾಲಿಗೆ ಸಡಿಲವಾದೊಡನೆ ಅಂದರು:

“ನಮ್ಮ ಹೊಲದ ಬದುವಿನಾಗೆ ಗುಳ್ಳೆನರಿ ಮರಿ ಹಾಕೈತ್ರಿ, ಡಾಕ್ಟ್ರಮ್ಮ. ಮೂರು ಅದಾವು. ಬಂದು ನೋಡ್ರಿ ಬೇಕಾದ್ರೆ. ಆದ್ರೆ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

“ಖಂಡಿತ ಇಲ್ಲ” ಎಂದೆ. ಪರರ ಬಾಯಿ ಬಿಡಿಸುವುದೇ ಕಸುಬಾದವಳಿಗೆ ತನ್ನದೊಂದನ್ನು ಮುಚ್ಚಿಕೊಂಡಿರುವುದು ಯಾವ ದೊಡ್ಡ ಕೆಲಸ!

ಎಂಟು ಸಂಜೆ ಹೋದೆ. ನಲವತ್ತು ಹೆಜ್ಜೆ ದೂರದ ಲಂಟಾನ ಪೊದೆಯ ಮರೆಯಲ್ಲಿ, ಎದ್ದರೆ ಕಟಕಟ ಎನ್ನುವ ಮಂಡಿಗಳನ್ನು ಮಡಿಸಿ ಕೂರುತ್ತಿದ್ದೆ. ಬಿಲಕ್ಕೆ ಮೂರು ಬಾಯಿ. ಒಂದು ಪಡುವಣಕ್ಕೆ, ಎರಡು ಹಿಂದುಗಡೆ. ಬಿಸಿಲು ಓರೆಯಾದಾಗ ಮರಿಗಳು ಹೊರಬರುತ್ತಿದ್ದವು. ಮೈಗಿಂತ ಕಿವಿಯೇ ದೊಡ್ಡದಾದ ಆ ಜೀವಗಳು ಯಾರದೋ ಹರಿದ ಚಪ್ಪಲಿಯ ಬಾರಿಗಾಗಿ ಜಗಳವಾಡಿ, ಸೋತದ್ದು ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತು, ಅರೆಕ್ಷಣದಲ್ಲಿ ಮುನಿಸನ್ನೇ ಮರೆತು ಗೆದ್ದದ್ದರ ಬಾಲ ಕಚ್ಚುತ್ತಿದ್ದವು. ತಾಯಿ ಇಲಿ ಹಿಡಿದು ತಂದರೆ ಜಗಳ ಬಂದ್. ಇಳಿಬಿಸಿಲು ಆ ಕಿವಿಗಳನ್ನು ಹಾದು ಬರುವಾಗ ಒಳಗಿನ ಸಣ್ಣ ನರಗಳೂ ಕಾಣುತ್ತಿದ್ದವು. ಹಾಲಮ್ಮ ಹುಲ್ಲಿನ ಹೊರೆ ಹೊತ್ತು ದೂರದಲ್ಲೇ ಹಾದುಹೋಗುತ್ತ ನನ್ನತ್ತ ತಲೆಯಾಡಿಸುತ್ತಿದ್ದರು.

ಒಂಬತ್ತನೆಯ ದಿನ ನನ್ನ ಬುದ್ಧಿ ಕೆಟ್ಟಿತು. ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿಗೆ ಒಂದೇ ಒಂದು ಚಿತ್ರ ಹಾಕಿದೆ, ಜಾಗದ ಹೆಸರಿಲ್ಲದೆ. ಪಕ್ಕದ ಜಿಲ್ಲೆಯ ಒಬ್ಬ ಮಹನೀಯರು, ಮನೆಯ ತುಂಬ ಪದಕಗಳಿರುವವರು, ಅಂದೇ ಫೋನು ಮಾಡಿದರು. “ಮೇಡಂ, ಇಷ್ಟು ವರ್ಷದಲ್ಲಿ ಇಂಥ ಫ್ರೇಮ್ ನೋಡಿಲ್ಲ. ನಿಮ್ಮ ಕಣ್ಣಿಗೆ ಕೈ ಮುಗೀಬೇಕು. ನಾನೊಬ್ಬನೇ ಬಂದು, ಒಂದು ಸಲ ನೋಡಿ ಹೋಗ್ತೀನಿ.” ಇಪ್ಪತ್ತು ವರ್ಷದಲ್ಲಿ ನನ್ನ ಕೈ ಹಗುರವೆಂದು ಹೊಗಳಿದವರುಂಟು, ಕಣ್ಣನ್ನು ಹೊಗಳಿದವರಿರಲಿಲ್ಲ. ಹೇಳಿಬಿಟ್ಟೆ. ಯಾವ ತಿರುವು, ಯಾವ ಬದು, ಎಷ್ಟು ಗಂಟೆಗೆ ಬೆಳಕು, ಎಲ್ಲವನ್ನೂ. ಅರಿವಳಿಕೆಯ ಸೂಜಿಯೂ ಇಷ್ಟು ನೋವಿಲ್ಲದೆ ಇಳಿಯುವುದಿಲ್ಲ.

ಮರುಭಾನುವಾರ ಹೋದರೆ ಹೊಲದಲ್ಲಿ ಕೊಯ್ದ ಜೋಳದ ಕೂಳೆ ತುಳಿದು ಮೂರು ಜೀಪು ನಿಂತಿದ್ದವು. ಆರು ಜನ. ಮಹನೀಯರು ಬಿಲದಿಂದ ಹತ್ತಡಿ ದೂರದಲ್ಲಿ ಬೋರಲು ಮಲಗಿದ್ದರು. ಒಬ್ಬ ಕೋಳಿ ಮಾಂಸದ ಚೂರು ಎಸೆಯುತ್ತಿದ್ದ, ಇನ್ನೊಬ್ಬ ಮರಿಗಳು ಕಿವಿ ನಿಮಿರಿಸಲೆಂದು ಸಿಳ್ಳೆ ಹಾಕುತ್ತಿದ್ದ. ಹಿಂದಿನ ಎರಡೂ ಬಾಯಿಗಳಿಗೆ ಕಲ್ಲು ತುರುಕಿದ್ದರು, ಮರಿಗಳು ಬೆಳಕಿದ್ದ ಕಡೆಯೇ ಮುಖ ತೋರಿಸಲೆಂದು. ದಿಬ್ಬದ ಮೇಲೆ ತಾಯಿ, ಬಾಯಲ್ಲಿ ಕಚ್ಚಿದ ಇಲಿಯೊಂದಿಗೆ, ಅತ್ತ ನಾಲ್ಕು ಹೆಜ್ಜೆ ಇತ್ತ ನಾಲ್ಕು ಹೆಜ್ಜೆ ಓಡಾಡುತ್ತಿತ್ತು. ಆ ಆರು ಮಂದಿಯಲ್ಲಿ ಒಬ್ಬನಾದರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಛಾಯಾಗ್ರಹಣ ಎಂಬ ಪದದೊಳಗೆ ಒಂದು ಗ್ರಹಣ ಅಡಗಿದೆಯೆಂದು ನನಗೆ ಗೊತ್ತಾದದ್ದು ಅಂದು.

“ಕಲ್ಲು ತೆಗೀರಿ!” ಎಂದು ಕಿರುಚಿದೆ. ನನ್ನ ಗಂಟಲಲ್ಲಿ ಅಂಥದೊಂದು ದನಿಯಿದೆಯೆಂದು ನನಗೇ ತಿಳಿದಿರಲಿಲ್ಲ.

“ಮೇಡಂ, ಮೆಲ್ಲಗೆ. ಲೈಟ್ ಇನ್ನು ಹತ್ತೇ ನಿಮಿಷ ಇರೋದು” ಎಂದರು ಮಹನೀಯರು, ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ. “ಮುಗಿದ ಮೇಲೆ ನಾವೇ ತೆಗೀತೀವಿ.”

ನಾನು ನಡೆದುಹೋಗಿ ಬಿಲದ ಬಾಯಿಯ ಮುಂದೆ, ಅವರ ಲೆನ್ಸುಗಳಿಗೆ ಬೆನ್ನು ಹಾಕಿ, ದೊಪ್ಪನೆ ಕೂತುಬಿಟ್ಟೆ. ಐವತ್ತೆರಡು ವರ್ಷದ, ಸಾಕಷ್ಟು ವಿಸ್ತಾರವಾದ ಬೆನ್ನು. ಆ ಸಂಜೆಯ ಕೊನೆಯ ಚಿತ್ರಗಳಲ್ಲೆಲ್ಲ ಅದೇ ಇದ್ದೀತು, ಬಂಗಾರದ ಬೆಳಕಿನಲ್ಲಿ ಮಿಂದು. ಒಳಗಿನಿಂದ ಮರಿಯೊಂದರ ಕುಂಯ್ ಎಂಬ ದನಿ ಕೇಳಿಸುತ್ತಿತ್ತು.

ಮಹನೀಯರು ಎದ್ದರು. ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ, ಸಿಟ್ಟೂ ನಗೆಯೂ ಬೆರೆತ ದನಿಯಲ್ಲಿ ಎಲ್ಲರಿಗೂ ಕೇಳುವಂತೆ, “ಇದೇನ್ ಮೇಡಂ ಈ ನಾಟಕ? ಜಾಗ ತೋರಿಸಿದ್ದು ನೀವೇ ಅಲ್ವಾ?” ಎಂದರು.

ತಲೆಯೆತ್ತಿ ನೋಡಿದರೆ ಬದುವಿನ ಮೇಲೆ ಹಾಲಮ್ಮ. ಕೈಯಲ್ಲಿ ಕುಡುಗೋಲು. ಮಾತು ಅವರ ಕಿವಿಗೆ ಬಿದ್ದಿತ್ತು. ನನ್ನನ್ನು ಒಂದು ಸಲ ನೋಡಿದರು. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಆ ಆರು ಮಂದಿಯತ್ತ ತಿರುಗಿ ಅಂದರು: “ಈ ಹೊಲದ ಪಹಣಿ ನನ್ನ ಹೆಸರಿನಾಗೈತ್ರಿ. ಗಾಡಿ ತೆಗೀರಿ.”

“ಅಮ್ಮ, ಫೋಟೋ ಅಷ್ಟೇ, ನಾವೇನೂ ತೊಂದರೆ...” ಎಂದು ಅವರಲ್ಲೊಬ್ಬ ಶುರುಮಾಡಿದ.

“ಬಾಣಂತಿ ಮನಿ ಬಾಗಿಲಿಗೆ ಕಲ್ಲು ಹೇರಿ, ತೊಂದ್ರೆ ಇಲ್ಲ ಅಂತೀರಲ್ರಿ? ನಿಮ್ಮ ಮನ್ಯಾಗೆ ಹಿಂಗೇ ಮಾಡ್ತೀರೇನ್ರಿ? ತೆಗೀರಿ ಅಂದ್ನಲ್ಲ!”

ಜೀಪುಗಳು ಹೋದವು, ಕಲ್ಲು ತೆಗೆಯಲು ಯಾರೂ ಇಳಿಯಲಿಲ್ಲ. ನಾವಿಬ್ಬರೇ ತೆಗೆದೆವು. ಒಂದು ಕಲ್ಲು ಒಳಕ್ಕೆ ಜಾರಿ ಸಿಕ್ಕಿಕೊಂಡಿತ್ತು. ಹಾಲಮ್ಮ ಕುಡುಗೋಲಿನಿಂದ ಮಣ್ಣು ಕೆದರಿದರು, ನಾನು ಉಗುರಿನಿಂದ. ಮುಗಿದ ಮೇಲೆ, “ದೂರ ಬರ್ರಿ, ನಮ್ಮ ವಾಸನೆಗೆ ಅದು ಹತ್ರ ಬರಾಕಿಲ್ಲ” ಎಂದಷ್ಟೇ ಅಂದರು.

ಪೊದೆಯಿಂದಲೂ ಆಚೆ ಹೋಗಿ ಕೂತೆವು. ಬೆಳಕು ಬೂದಿಯಾದ ಮೇಲೆ ತಾಯಿ ಇಳಿದು ಬಂತು. ಕೋಳಿಯ ಚೂರುಗಳನ್ನು ಮೂಸಲೂ ಇಲ್ಲ. ಒಂದು ಮರಿಯ ಕುತ್ತಿಗೆ ಕಚ್ಚಿ ದಿಬ್ಬ ಹತ್ತಿ ಮರೆಯಾಯಿತು. ಬಹಳ ಹೊತ್ತಿನ ಮೇಲೆ ಬಂದು ಎರಡನೆಯದನ್ನು ಒಯ್ದಿತು. ಮೂರನೆಯದಕ್ಕೆ ಬಂದಿತೋ ಇಲ್ಲವೋ, ಕತ್ತಲು ನಮಗೆ ತೋರಿಸಲಿಲ್ಲ. ಮರುದಿನ ಬೆಳಿಗ್ಗೆ ಬಿಲ ಖಾಲಿಯಿತ್ತು. ಸುತ್ತ ನಾಯಿಹೆಜ್ಜೆಯೂ ಇತ್ತು, ನರಿಹೆಜ್ಜೆಯೂ ಇತ್ತು.

ಮಹನೀಯರ ಚಿತ್ರ ಆಮೇಲೆ ಗುಂಪಿನಲ್ಲಿ ಬಂತು: ಮೂರು ಮರಿ, ಆರು ಕಿವಿ, ಮುಖದ ತುಂಬ ಇಳಿಬಿಸಿಲು. ಕೆಳಗೆ ‘ಮುಗ್ಧತೆ’ ಎಂದು ಬರೆದಿದ್ದರು. ಅವು ಬೆಳಕಿಗೆ ಮುಖ ಕೊಟ್ಟದ್ದು ಏಕೆಂದು ನಾನೂ ಕೆಳಗೆ ಬರೆದೆ, ಕಲ್ಲಿನ ಲೆಕ್ಕ ಸಮೇತ. ಬರೆಯುತ್ತ ಹೋದಾಗ ನನ್ನ ಹೆಸರೂ ಅದರಲ್ಲಿ ಬರಲೇಬೇಕಾಯಿತು, ಬರೆದೆ. ಹತ್ತು ನಿಮಿಷದಲ್ಲಿ ನನ್ನನ್ನು ಗುಂಪಿನಿಂದ ತೆಗೆದರು. ನರನಿಗೊಂದು ಗುಡಿಸು ಕೊಟ್ಟರೆ ನರಿ ಎಂದು ಅಕ್ಷರ ಕಲಿಸುವವರು ಹೇಳುತ್ತಾರೆ. ಆ ಬಡ್ತಿಗೆ ನಾವು ಯಾರೂ ಅರ್ಹರಲ್ಲ. ಮಹನೀಯರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ, ಆರದಿರಲಿ. ಆದರೆ ಅದನ್ನು ಅಷ್ಟು ಜೋರಾಗಿ ಉರಿಸುವುದರಿಂದ ನನಗೊಂದು ಅನುಕೂಲವಿದೆಯೆಂಬುದೂ ತಿಳಿದಿದೆ: ಆ ಉರಿಯ ಎದುರು ನನ್ನ ಪಾಲು ಮಬ್ಬಾಗಿ ಕಾಣುತ್ತದೆ.

ಮಳೆ ಹಿಡಿಯುವ ಮುಂಚೆ ಶಿರಾಳಕೊಪ್ಪದ ಸಂತೆಯಲ್ಲಿ ಹಾಲಮ್ಮ ಸಿಕ್ಕರು. ಮಾತಾಡಿಸದೆ ಹೋಗುವರೆಂದುಕೊಂಡಿದ್ದೆ. ಅವರೇ ನಿಂತು, “ಆರಾಮ ಅದೀರೇನ್ರಿ?” ಎಂದರು. ನಾನು ತಪ್ಪಾಯಿತೆಂದೆ. ತಡೆಯಲಾರದೆ ಕೇಳಿಯೇಬಿಟ್ಟೆ: “ಮರಿಗಳು ಮತ್ತೆ ಎಲ್ಲಾದರೂ ಕಂಡವಾ, ಹಾಲಮ್ಮ? ಮೂರೂ ಇದ್ದಾವಾ?”

ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ನನ್ನ ಮುಖವನ್ನೇ ನೋಡುತ್ತ, ಕೋಪವಿಲ್ಲದೆ ಹೇಳಿದರು:

“ಕಂಡಿದ್ರೂ ನಿಮಗೆ ಹೇಳಂಗಿಲ್ರೀ, ಡಾಕ್ಟ್ರಮ್ಮ.”