ನಜೀಬಾ ಎಸೆಯದ ಅಟ್ಟೆ

ಸ್ಫಾಕ್ಸ್ ಬಂದರಿಗೆ ಬೆಳಗಿನ ದೋಣಿಗಳು ಇನ್ನೂ ಮರಳಿಲ್ಲ. ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ನಜೀಬಾ ಆಗಲೇ ಯಂತ್ರದ ಮುಂದೆ ಕೂತಿದ್ದಾರೆ. ಬೂಟಿನೊಳಗೆ ಹಾಕುವ ತೂತುತೂತಾದ ರಬ್ಬರ್ ಅಟ್ಟೆಯೊಂದನ್ನು ಲೋಹದ ಹಿಮ್ಮಡಿ ಒತ್ತುತ್ತದೆ, ಬಿಡುತ್ತದೆ. ಎಣಿಕೆ ತೊಂಬತ್ತೆಂಟು ಸಾವಿರ ದಾಟಿದೆ. ಹರಿಯದೆ ಲಕ್ಷ ಮುಟ್ಟಿದರೆ ರೋಗಿಗಳಿಗೆ ಕೊಡಲು ಆಸ್ಪತ್ರೆ ಒಪ್ಪುತ್ತದೆ. ಹಿಂದಿನ ಮೂರು ಅಟ್ಟೆಗಳೂ ನಡುವೆಯೇ ಹರಿದವು. ಕಾಯುತ್ತಿರುವ ಹನ್ನೊಂದು ಜನರಲ್ಲಿ ನಜೀಬಾರ ಗಂಡ ಮೊಂಜಿಯೂ ಒಬ್ಬರು.

ಮೊಂಜಿ ಮೂವತ್ತು ವರ್ಷ ಮೀನು ಹಿಡಿದವರು. ಸಕ್ಕರೆ ಕಾಯಿಲೆಗೆ ಕಾಲಿನ ಒಂದು ಹೆಬ್ಬೆರಳು ಹೋಗಿದೆ. ಇನ್ನೊಂದು ಹುಣ್ಣಾದರೆ ಪಾದವನ್ನೇ ತೆಗೆಯಬೇಕಂತೆ. "ಹೊಸಿಲು ದಾಟಬೇಡ ಅಂದ್ರೆ ಕೇಳಲ್ಲ. ಸಮುದ್ರ ಅಂದ್ರೆ ಪ್ರಾಣ ಬಿಡ್ತಾನೆ" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನೆದುರು ಬೈಯುತ್ತಲೇ ನಜೀಬಾ ಕಣ್ಣೊರೆಸಿಕೊಳ್ಳುತ್ತಾರೆ.

ಅಚ್ಚಿಗೆ ರಬ್ಬರ್ ಹೊಯ್ಯುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ದಿನಕ್ಕೆ ಆರು ಹಾಳೆ, ಅದರಿಂದಲೇ ಅಟ್ಟೆ. ಒತ್ತಿದಾಗ ಹಾಳೆಯ ದುಂಡು ತೂತುಗಳು ಮೊಟ್ಟೆಯಾಕಾರಕ್ಕೆ ಬಾಗಿ ಭಾರವನ್ನು ಹಂಚುತ್ತವೆ. ರಬ್ಬರ್ ಅದೇ, ಗುಣ ಬರುವುದು ತೂತುಗಳ ಜೋಡಣೆಯಿಂದ.

ಹೋದ ವರ್ಷ ತೂತು ಮೂಡಿಸುವ ಅಚ್ಚಿನ ಕಡ್ಡಿಗಳು ಸವೆದದ್ದನ್ನು ಅವರು ನೋಡಲಿಲ್ಲ. ಒಂದು ಸಾಲಿನ ತೂತುಗಳು ಕಿರಿದಾದವು. ಒಟ್ಟಿಗೇ ಕುಸಿಯಬೇಕಿದ್ದ ಹಾಳೆ ಸಾಲುಸಾಲಾಗಿ, ಸರದಿಯಂತೆ ಕುಸಿಯಿತು. "ಖಾಲ್ತಿ, ಇದು ಕೆಟ್ಟಿದೆ, ಎಸೆದುಬಿಡಿ" ಎಂದರು ಪ್ರಾಧ್ಯಾಪಕ ಶಾಕಿರ್. ಅಲ್ಲಿ ಎಲ್ಲರಿಗೂ ನಜೀಬಾ ಖಾಲ್ತಿ, ಅಂದರೆ ಚಿಕ್ಕಮ್ಮ.

"ಎಸೀತೀನಾ? ನಾನು ಬಲೆ ಹೆಣೆಯೋರ ಮನೆ ಮಗಳು. ಬಲೆ ಎಲ್ಲಿ ಹೊಟ್ಟೆ ಬಿಟ್ಟು ಉಬ್ಬಬೇಕು ಅನ್ನೋದನ್ನ ಅದರ ಕಣ್ಣಿನ ಅಳತೆಯಲ್ಲೇ ಇಡ್ತೀವಿ. ತಪ್ಪು ನಂದೇ, ಅದನ್ನೇ ಈಗ ಬೇಕಂತಲೇ ಮಾಡೋಣ ಅಂದೆ" ಎಂದು ನಜೀಬಾ ನೆನೆಯುತ್ತಾರೆ.

ಎರಡು ದಿನ ಮುಖ ಊದಿಸಿಕೊಂಡಿದ್ದ ಶಾಕಿರ್ ಮೂರನೆಯ ದಿನ ಲೆಕ್ಕ ಹಾಕಲು ಕೂತರು. ಈಗ ಹುಣ್ಣಾಗುವ ಜಾಗದ ಕೆಳಗೆ ದೊಡ್ಡ ತೂತು, ಸುತ್ತ ಚಿಕ್ಕವು. ಎಲ್ಲಿ ಮೊದಲು ಮೆತ್ತಗಾಗಬೇಕೆಂದು ಅಟ್ಟೆಗೆ ಮೊದಲೇ ಗೊತ್ತು. ಪ್ರಕಟವಾದ ಪ್ರಬಂಧದಲ್ಲಿ ನಜೀಬಾ ಹೆಸರಿಲ್ಲ. ನನಗೆ ಮೈ ಉರಿಯುತ್ತದೆ, ಅವರು ನಗುತ್ತಾರೆ. "ಬಲೆ ಮೇಲೆ ಯಾರಾದ್ರೂ ಹೆಸರು ಬರೀತಾರಾ?"

ಯಂತ್ರ ನಿಲ್ಲುತ್ತದೆ. ಒಂದು ಲಕ್ಷ. ನಜೀಬಾ ಅಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತಿನಿಂದ ತೂತಿಗೆ ಉಗುರಾಡಿಸುತ್ತಾರೆ. ಒಂದು ಸೀಳೂ ಇಲ್ಲ. "ಅಲ್‌ಹಮ್ದುಲಿಲ್ಲಾ!" ಎಂದು ದೇವರನ್ನು ನೆನೆದು ಕೂಡಲೇ ಮನೆಗೆ ಫೋನ್ ಮಾಡುತ್ತಾರೆ.

"ಇದೂ ಹರೀತಾ?" ಮೊಂಜಿಯ ದನಿ.

"ಬೂಟು ಒರೆಸಿ ಬಿಸಿಲಿಗಿಡು, ಮುದುಕಾ. ಡಾಕ್ಟ್ರು ಹೂಂ ಅಂದ ದಿನ ಬಂದರಿಗೆ ಹೋಗೋಣ. ನೀನು ಮುಂದೆ ನಡಿ. ನನ್ನ ಕೆಲಸ ಹೇಗೆ ನಡೆಯುತ್ತೆ ಅಂತ ನಾನು ಹಿಂದಿಂದ ನೋಡ್ಬೇಕು."