ದೂರದ ರೂಮಿಗೆ ಬಿಸಿನೀರು

ಫ್ಯಾನು ಫುಲ್ ಸ್ಪೀಡಿನಲ್ಲಿದೆ. ನಮ್ಮೆಜಮಾನ್ರು ಬನಿಯನ್ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ, ಚಳಿಯ ಲೆಕ್ಕ ಮಾಡುತ್ತಿದ್ದಾರೆ. ಸಿಂಗಪುರದ ಸೆಂಗ್‌ಕಾಂಗಿನ ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಹೋದ ವಾರವಿಡೀ ಇದೇ ದೃಶ್ಯ.

ಚಳಿ ನಮ್ಮದಲ್ಲ, ಮಗಳದು. ಪೂರ್ವಿ ಓದಲು ಸ್ಕಾಟ್ಲೆಂಡಿಗೆ ಹೋಗಿ ಮೂರು ತಿಂಗಳಾಯಿತು. ಹಳೇ ಮನೆಯೊಂದರ ಮೇಲ್ಮಹಡಿಯ ಕೊನೇ ರೂಮು ಅವಳದು. ಕೆಳಗಿನ ರೂಮುಗಳಲ್ಲಿ ಬೇರೆ ಹುಡುಗಿಯರು. ಅಡುಗೆಮನೆಯ ಬಾಯ್ಲರಿನಲ್ಲಿ ಕಾದ ನೀರನ್ನು ಒಂದು ಪಂಪು ಪ್ರತಿ ರೂಮನ್ನೂ ಬೆಚ್ಚಗಿಡುವ ಗೋಡೆಯ ರೇಡಿಯೇಟರಿಗೂ ಸುತ್ತಿಸುತ್ತದೆ. ಇವಳ ರೂಮು ಮುಟ್ಟುವಷ್ಟರಲ್ಲಿ ಮಾತ್ರ ಅದರ ಕಥೆ ಮುಗಿದಿರುತ್ತದೆ.

"ಕೆಳಗಿನ ರೂಮಿನೋಳು ಸೆಖೆ ಅಂತ ಕಿಟಕಿ ತೆಗೆದಿಟ್ಟು ಮಲಗ್ತಾಳೆ ಅಮ್ಮಾ. ನಾನು ಜಾಕೆಟ್ ಹಾಕ್ಕೊಂಡು ಮಲಗ್ತೀನಿ. ನಂಗಾಗಲ್ಲ ಲಾ. ವಾಪಸ್ ಬಂದ್ಬಿಡ್ಲಾ?" ಅಂದಳು ಫೋನಿನಲ್ಲಿ, ಸಿಂಗಪುರದವರ ಆ "ಲಾ" ಬಿಡದೆ.

"ಅವಳನ್ನೇ ಕೇಳಬಾರದಾ?" ಅಂದೆ.

"ಅವರ್ಯಾರೂ ನಂಗೆ ಪರಿಚಯ ಇಲ್ಲ."

ಮೂರು ತಿಂಗಳು ಒಂದೇ ಸೂರಿನಡಿ ಇದ್ದು ಪರಿಚಯವೇ ಇಲ್ಲವೇ? (ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ನನಗೆಷ್ಟು ಜನ ಪರಿಚಯ ಅಂತ ನೀವು ಕೇಳಬೇಡಿ.)  ಬಾ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇವರು ಫೋನ್ ಕಿತ್ತುಕೊಂಡರು.

ಇವರು ಎಂಜಿನಿಯರು. ಇಲ್ಲೇ ಆಂಗ್ ಮೋ ಕಿಯೋ ಬಡಾವಣೆಯ ಆಫೀಸಿನಲ್ಲಿ ಕೂತು, ದೊಡ್ಡ ಕಟ್ಟಡಗಳ ಏಸಿಗೆ ತಣ್ಣೀರು ಸುತ್ತಿಸುವ ಪಂಪು ಆರಿಸುವುದೇ ಕಸುಬು. "ಟೆನ್ಷನ್ ಬೇಡ ಪುಟ್ಟಾ. ಪಂಪಿನ ಲೆಕ್ಕ ಹಾಕೋಣ. ಮೊದಲು ಎಲ್ಲ ರೂಮೂ ನೋಡ್ಕೊಂಡು ಬಾ. ರೇಡಿಯೇಟರ್ ಎಷ್ಟುದ್ದ, ಪೈಪ್ ಎಲ್ಲೆಲ್ಲಿ ತಿರುಗುತ್ತೆ, ಎಲ್ಲಾ ಬೇಕು" ಅಂದರು.

"ಎಲ್ಲ ರೂಮೂನಾ?" ಅವಳ ದನಿ ಉಡುಗಿತು.

"ಹೂಂ. ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ."

ಲೆಕ್ಕ ನನಗೂ ಅರ್ಥವಾಗುವಂಥದ್ದೇ. ರೂಮಿಗೆ ಎಷ್ಟು ಬಿಸಿ ಬೇಕೋ ಅದಕ್ಕೆ ತಕ್ಕಷ್ಟು ನೀರು ಹರಿಯಬೇಕು. ಇವಳ ರೂಮಿಗೆ ನಿಮಿಷಕ್ಕೆ ಒಂದು ಲೀಟರಿನಷ್ಟು ಸಾಕಂತೆ. ಆ ನೀರು ಪೈಪಿಗೆ ಉಜ್ಜಿಕೊಂಡು, ಬೆಂಡುಗಳಲ್ಲಿ ತಿರುಗಿ ದಣಿಯುತ್ತದಲ್ಲ, ಅದು ಹೆಡ್ ಲಾಸ್. ಎಲ್ಲಕ್ಕಿಂತ ಕಷ್ಟದ ಸುತ್ತಿನಲ್ಲಿ ಎಷ್ಟು ಲಾಸೋ ಅಷ್ಟನ್ನು ಪಂಪು ತಳ್ಳಿದರಾಯಿತು.

"ಮತ್ತೆ ಮಹಡಿ ಹತ್ತೋದು?" ಅಂದೆ, ಮೈಸೂರಿನ ಮನೆಯ ಓವರ್‌ಹೆಡ್ ಟ್ಯಾಂಕ್ ನೆನೆದು.

"ಸುತ್ತಿ ಬರೋ ನೀರು ಕಣೇ. ಹತ್ತಿದ್ದೇ ಇಳಿಯುತ್ತೆ. ಹೈಟ್ ಲೆಕ್ಕಕ್ಕಿಲ್ಲ."

ಪೂರ್ವಿ ಬಾಗಿಲು ತಟ್ಟಿದಳು. ತಟ್ಟಲೇಬೇಕಿತ್ತಲ್ಲ! ಮೊದಲ ದಿನ ಒಂದು ರೂಮು, ಮರುದಿನ ಇನ್ನೊಂದು. ಇವರೋ ಬಿಡುವವರಲ್ಲ. "ಆ ರೂಮಿನ ಬೆಂಡ್ ಎಣಿಸಿಲ್ಲ, ಮತ್ತೆ ಹೋಗು." ಯಾರೋ ಟೇಪ್ ಹಿಡಿದಳಂತೆ, ಇನ್ಯಾರೋ ಟೀ ಮಾಡಿ ಕೊಟ್ಟಳಂತೆ. ಕಿಟಕಿ ತೆಗೆದು ಮಲಗುವವಳು ಇವಳ ರೂಮಿಗೆ ಬಂದು ನೋಡಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಬೈದಳಂತೆ.

ಕೊನೆಗೆ ಇವರ ತೀರ್ಪು ಬಂತು. ಪಂಪು ಸರಿಯಾಗಿಯೇ ಇದೆ. ಪಂಪಿಗೆ ಹತ್ತಿರದ ರೂಮುಗಳು ನೀರೆಲ್ಲ ನುಂಗುತ್ತಿವೆ. ಅವುಗಳ ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚಿದರೆ ಸಾಕು. ಹುಡುಗಿಯರೇ ಸೇರಿಕೊಂಡು ತಿರುಗಿಸಿದರು. ರೂಮು ಬೆಚ್ಚಗಾಯಿತು.

"ಇಷ್ಟಕ್ಕೆ ಒಂದು ವಾರ ಬೇಕಿತ್ತೇನ್ರೀ?" ಅಂದೆ.

"ಒಬ್ಬಳು ಕಿಟಕಿ ತೆಗೆದು ಮಲಗ್ತಾಳೆ ಅಂದಾಗ್ಲೇ ಬಿಸಿನೀರೆಲ್ಲ ಅಲ್ಲೇ ಹೋಗ್ತಿದೆ ಅಂತ ಗೊತ್ತಾಯ್ತು" ಅಂದರು ಇವರು, ನನ್ನ ಮುಖ ನೋಡದೆ. "ಹೋಗಿ ಫ್ರೆಂಡ್ಸ್ ಮಾಡ್ಕೋ ಅಂದಿದ್ರೆ ಹೋಗ್ತಿದ್ಲಾ? ಪೈಪ್ ನೋಡ್ಕೊಂಡು ಬಾ ಅಂದ್ರೆ ಹೋದ್ಲು."

ಇಷ್ಟು ವರ್ಷ ಇವರಿಗೆ ಪಂಪು ಮಾತ್ರ ಗೊತ್ತು ಅಂದುಕೊಂಡಿದ್ದೆ. ಇವರ ಮೇಲೆ ಹೊಸದಾಗಿ ಪ್ರೀತಿ ಬಂದುಬಿಟ್ಟಿತು. ಅವತ್ತು ಸಾರನ್ನಕ್ಕೆ ತುಪ್ಪ ಸ್ವಲ್ಪ ಜಾಸ್ತಿಯೇ ಬಿತ್ತು (ಕೊಲೆಸ್ಟ್ರಾಲನ್ನು ನಾಳೆ ನೋಡಿಕೊಳ್ಳೋಣ).

ಶನಿವಾರ ಇವರೇ ಫೋನ್ ಮಾಡಿದರು. "ಅಪ್ಪಾ, ಆಮೇಲೆ ಮಾಡ್ತೀನಿ. ಎಲ್ಲಾರೂ ನನ್ನ ರೂಮಲ್ಲೇ ಊಟ ಮಾಡ್ತಿದಾರೆ." ಹಿಂದೆ ನಗು ಕೇಳಿಸಿತು. ಇವತ್ತು ಮಂಗಳವಾರ. ಇವರು ಫೋನನ್ನು ಕೈಗೆಟಕುವಂತೆ ಇಟ್ಟುಕೊಂಡು ಪೇಪರ್ ಓದುತ್ತಿದ್ದಾರೆ, ಪುಟ ಮಾತ್ರ ತಿರುಗುತ್ತಿಲ್ಲ.

ಮಗಳು ಅಲ್ಲಿ ಬೆಚ್ಚಗಾದರೆ ಇಲ್ಲಿಗೆ ಫೋನ್ ಬರುವುದು ಕಡಿಮೆಯಾಗುತ್ತದೆ ಅಂತ, ಲೆಕ್ಕ ಹಾಕುವಾಗ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?