ಚಿಗವ್ವ ಆಡಿಸಿದ ಆಟ

ಇವತ್ತು ತಂಗಿಯ ಮಗಳು ನನ್ನ ಫೋನಿಗೆ ಹಳೆಯ ಆಟವೊಂದನ್ನು ಹಾಕಿಕೊಟ್ಟಳು. ಅದರ ಕೀಚಲು ರಾಗ ಕೇಳಿದ್ದೇ ತಡ, ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಕುಳಿತವಳಿಗೆ ಬ್ಯಾಡಗಿಯ ಮೆಣಸಿನಕಾಯಿ ಘಾಟು ಮೂಗಿಗೆ ಬಡಿದಂತಾಗಿ ಸೀನಿದೆ. ನಗಬೇಡಿ, ನಿಜವಾಗಿಯೂ ಸೀನಿದೆ.

ಆಗ ನಾನು ಹೈಸ್ಕೂಲು. ಬೇಸಿಗೆ ರಜೆಗೆ ಬ್ಯಾಡಗಿಯ ಅಜ್ಜಿಯ ಮನೆಗೆ ಹೋಗಿದ್ದೆ. ಅವ್ವನ ತಂಗಿ, ನನ್ನ ಚಿಗವ್ವ, ಹಾವೇರಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ತವರಿಗೆ ಬಂದು ಮಲಗಿದ್ದಳು. ನನ್ನ ಕೈಯಲ್ಲಿ ಮುಂಬೈಯ ಮಾಮಾ ಕೊಟ್ಟ, ಅಂಗೈಯಗಲದ ವಿಡಿಯೊ ಗೇಮ್. ಅದರಲ್ಲಿದ್ದದ್ದು ಇದೇ ಆಟ, ಒಂದು ಇಂಗ್ಲಿಷ್ ಮಾಂತ್ರಿಕ ಕಾದಂಬರಿಯ ಕಥೆ. ನನ್ನ ಹೆಬ್ಬೆರಳಿಗೆ ಇದ್ದ ಚುರುಕು ನನ್ನ ಇಂಗ್ಲಿಷಿಗೆ ಇರಲಿಲ್ಲ; ಪರದೆಯ ಮೇಲಿನ ಮಾತು ಓದಿ ಹೇಳಲು ಚಿಗವ್ವನೇ ಬೇಕು. ಆಕೆ ಆ ಕಾದಂಬರಿಯನ್ನು ಕಾಲೇಜಿನಲ್ಲಿದ್ದಾಗಲೇ ಓದಿದ್ದಳು.

ರಾಜಕುಮಾರ ಹಿಮದ ಬೆಟ್ಟ ದಾಟಬೇಕು. ದಾರಿ ತೋರಿಸುವ ಮುದುಕನ ಕಾಲಿಗೆ ನಡುವೆ ಪೆಟ್ಟಾಗುತ್ತದೆ. ಬಿಟ್ಟು ಹೋಗುವೆಯೋ, ಕರೆದೊಯ್ಯುವೆಯೋ ಎಂದು ಆಟ ಕೇಳುತ್ತದೆ.

"ಬಿಡೂಣ ಚಿಗವ್ವ, ಲಗೂ ಮುಗೀತೈತಿ," ಎಂದೆ.

"ಕಾದಂಬರಿಯಾಗೂ ಬಿಟ್ಟ ಹೋಗ್ತಾನ. ನಾವ್ಯಾಕ ಬಿಡಬೇಕು? ಕರಕೊಂಡು ನಡಿ."

ಕರೆದುಕೊಂಡು ನಡೆದೆವು, ದಾರಿಯ ತೋಳಗಳ ಜೊತೆ ಕಾದಾಡಿದಷ್ಟೂ ಬುತ್ತಿ ಕರಗಿ ಸತ್ತೆವು. ಮತ್ತೆ ಶುರು, ಮತ್ತೆ ಸಾವು.

ಒಂದು ಮಧ್ಯಾಹ್ನ ಆಕೆಯ ಗಂಡ, ನಮ್ಮ ಕಾಕಾ, ಬಂದರು. "ನೌಕರಿ ಬಿಟ್ಟಬಿಡು. ಕೋಲು ಹಿಡಕೊಂಡು ಸಾಲಿಗೆ ಹೋದ್ರ ಛಲೋ ಕಾಣ್ತೈತೇನು?"

ಚಿಗವ್ವ ಗೇಮಿನಿಂದ ಕಣ್ಣು ತೆಗೆಯಲಿಲ್ಲ. "ನಾ ಛಲೋ ಕಾಣಾಕ ಹೋಗೂದಿಲ್ರಿ, ಪಾಠ ಹೇಳಾಕ ಹೋಗ್ತೇನಿ."

ಅಡುಗೆಮನೆಯಲ್ಲಿ ಅಜ್ಜಿ ಖಾರ ಕುಟ್ಟುವ ಸದ್ದು ನಿಂತಿತು. ಕಾಕಾ ಚಹಾ ಕುಡಿದು ಎದ್ದರು.

ಕೊನೆಗೆ ಉಪಾಯ ಹೊಳೆದದ್ದೂ ಚಿಗವ್ವನಿಗೇ: ಕಾದಾಟದ ಗೊಡವೆಗೆ ಹೋಗದೆ, ಗವಿ ಸಿಕ್ಕಲ್ಲೆಲ್ಲ ದಣಿವಾರಿಸಿಕೊಂಡು ಸಾವಕಾಶ ಹತ್ತುವುದು. ಶಿಖರದ ಮೇಲೆ ಎರಡು ಪುಟ್ಟ ಆಕೃತಿಗಳು ನಿಂತವು. ಆಟ ಅದಕ್ಕೆ ವಿಶೇಷ ಬಹುಮಾನವನ್ನೇನೂ ಕೊಡಲಿಲ್ಲ. ಚಿಗವ್ವ ಮಾತ್ರ ಹಾಸಿಗೆಯಲ್ಲೇ ಎದ್ದು ಕುಳಿತು ಚಪ್ಪಾಳೆ ತಟ್ಟಿದಳು.

ಶಾಲೆ ತೆರೆದ ದಿನ ಕೋಲೂರಿಕೊಂಡು ಹಾವೇರಿ ಬಸ್ಸು ಹತ್ತಿದಳು. ಕೈ ನೀಡಿದ ಕಂಡಕ್ಟರನಿಗೆ, "ಕೈ ಬ್ಯಾಡ್ರಿ, ಒಂಚೂರು ಬಸ್ ನಿಂದರಸ್ರಿ, ಸಾಕು," ಎಂದಳು. ಗಂಡನ ಊರಿಗೆ ಮರಳಿದ ಮೇಲೂ ಬಸ್ಸಿನಲ್ಲೇ ಹೋಗಿಬಂದು, ನಿವೃತ್ತಿಯವರೆಗೂ ಪಾಠ ಹೇಳಿದಳು. ಕಾಕಾ ಎಷ್ಟೋ ದಿನ ಅವಳ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬರುತ್ತಿದ್ದರು.

ನಾಳೆ ಮನೆಮಂದಿಯೆಲ್ಲ ಐರಣಿಗೆ ಹೊಳೆ ನೋಡಲು ಹೊರಟಿದ್ದೇವೆ. ಮೊಣಕಾಲು ನೋವಿನ ಅವ್ವ ಮನೆಯಲ್ಲೇ ಇರಲಿ ಎಂದು ನಾನೇ ತೀರ್ಮಾನಿಸಿದ್ದೆ. ಈಗ ಫೋನು ಬದಿಗಿಟ್ಟು ಅವಳ ಬಳಿ ಹೋದೆ.

"ಅವ್ವಾ, ನೀನೂ ಬರಬೇಕು."

"ನಾ ಬಂದ್ರ ನಿಮಗ ತಡಾ ಆಕ್ಕೈತಿ."

"ಆಗಲಿ. ಹೊಳಿ ಎಲ್ಲಿ ಹೋಗ್ತೈತಿ?"

ಅವ್ವ ಗೋಡೆ ಹಿಡಿದು ಎದ್ದು, ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆಯಲು ಹೋದಳು.